ಮಂಟಪದಿಂದ ಮನೆಗೆ ಎಷ್ಟು ಬಾಗಿಲು?

2011ರ ಫೆಬ್ರವರಿ 28ರ ರಾತ್ರಿ. ಮನೆಮನೆಯ ಎಣಿಕೆ ಮುಗಿಸಿದ್ದ ಜನಗಣತಿ ಸಿಬ್ಬಂದಿಗೆ ಇನ್ನೊಂದು ಕೆಲಸ ಬಾಕಿಯಿತ್ತು. ಮನೆಯೇ ಇಲ್ಲದವರನ್ನು ಎಣಿಸಬೇಕಿತ್ತು, ಅದೂ ಅವರು ಮಲಗಿದ ಜಾಗದಲ್ಲೇ, ಅದೊಂದೇ ರಾತ್ರಿ. ಫುಟ್‌ಪಾತು, ರೈಲ್ವೆ ಪ್ಲಾಟ್‌ಫಾರಂ, ಮೇಲ್ಸೇತುವೆಯ ಅಡಿ, ಹ್ಯೂಮ್ ಪೈಪು, ದೇವಸ್ಥಾನದ ಮಂಟಪ, ಹೀಗೆ ಎಲ್ಲೆಲ್ಲಿ ಹುಡುಕಬೇಕೆಂದು ಸೂಚನೆಯೇ ಇತ್ತು. ಆ ಎಣಿಕೆಯಲ್ಲಿ ದೇಶದಲ್ಲಿ ಸಿಕ್ಕವರು 17.73 ಲಕ್ಷ. ಕರ್ನಾಟಕದ ಪಾಲು 76 ಸಾವಿರಕ್ಕೂ ಹೆಚ್ಚು.

ಮಂಟಪ ಎಂಬ ಆ ಕೊನೆಯ ಜಾಗ ಶ್ರೀರಂಗಪಟ್ಟಣದವರಿಗೆ ಹೊಸದಲ್ಲ. ಕಾವೇರಿ ಎರಡಾಗಿ ಸೀಳಿ ಮತ್ತೆ ಕೂಡುವ ಈ ದ್ವೀಪದ ಊರಿನಲ್ಲಿ ನದಿಗೆ ಇಳಿಯುವ ಕಡೆಯೆಲ್ಲ ಕಲ್ಲುಮೆಟ್ಟಿಲು, ಕಲ್ಲುಮಂಟಪ. ಹಗಲು ಹೊತ್ತು ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವವರು, ಸಂಗಮದಲ್ಲಿ ಮುಳುಗೇಳುವವರು, ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತವರು. ಅವರು ಕೊಡುವ ಪುಡಿಗಾಸು, ಬಾಳೆಹಣ್ಣು, ತಿಥಿಯ ಊಟ ನಂಬಿಕೊಂಡು ಒಂದಷ್ಟು ಮಂದಿ ಬದುಕುತ್ತಾರೆ. ಯಾತ್ರಿಕರ ಬಸ್ಸುಗಳು ಖಾಲಿಯಾದ ಮೇಲೆ ಅವರ ರಾತ್ರಿ ಶುರುವಾಗುತ್ತದೆ. ತಲೆಯಡಿಗೆ ಬಟ್ಟೆಗಂಟು, ಪಕ್ಕದಲ್ಲಿ ನೀರಿನ ಬಾಟಲಿ, ಮಳೆ ಬಂದರೆ ಒಳಗೆ ಸರಿಯಲು ಎರಡು ಮೊಳ ಜಾಗ.

ಇವರಿಗಾಗಿ ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಪಿಂಚಣಿ ಇದೆ, ಅಕ್ಕಿ ಇದೆ, ಆಸ್ಪತ್ರೆ ಇದೆ, ವಸತಿ ಯೋಜನೆ ಇದೆ, ಕಾನೂನೂ ಇದೆ. ಆದರೆ ಒಂದೊಂದೂ ಒಂದೊಂದು ಬಾಗಿಲಿನ ಹಿಂದೆ ಇದೆ, ಮತ್ತು ಪ್ರತಿ ಬಾಗಿಲೂ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ವಿಳಾಸ?

ನಾಲ್ಕು ತಾಲ್ಲೂಕು, ಒಂದು ಕಚೇರಿ

ಮಂಡ್ಯ ಜಿಲ್ಲೆಗೆ ಎರಡು ಉಪವಿಭಾಗಗಳು. ಮಂಡ್ಯ, ಮದ್ದೂರು, ಮಳವಳ್ಳಿ ಒಂದು ಕಡೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಇನ್ನೊಂದು ಕಡೆ. ಈ ಎರಡನೆಯದಕ್ಕೆ ಪಾಂಡವಪುರ ಕೇಂದ್ರ. ಜನರ ಬಾಯಲ್ಲಿ ‘ಎಸಿ ಆಫೀಸು’ ಅನ್ನಿಸಿಕೊಳ್ಳುವ ಉಪವಿಭಾಗಾಧಿಕಾರಿ ಕಚೇರಿ ಇರುವುದು ಅಲ್ಲೇ. ಜಮೀನಿನ ತಕರಾರಿನಿಂದ ಹಿಡಿದು ಮಕ್ಕಳು ಹೊರಹಾಕಿದ ತಂದೆತಾಯಿಯ ದೂರಿನವರೆಗೆ ನಾಲ್ಕೂ ತಾಲ್ಲೂಕಿನ ಕಾಗದಗಳು ಇಲ್ಲಿಗೇ ಬರುತ್ತವೆ.

ನಾಲ್ಕು ತಾಲ್ಲೂಕಿನ ಸ್ವಭಾವ ಬೇರೆ ಬೇರೆ. ಶ್ರೀರಂಗಪಟ್ಟಣ ನದಿ, ರೈಲು, ಹೆದ್ದಾರಿಯ ಊರು. ಪಾಂಡವಪುರ ತಾಲ್ಲೂಕಿನಲ್ಲಿ ಒಂದು ಕಡೆ ಕಬ್ಬು, ಸಕ್ಕರೆ ಕಾರ್ಖಾನೆ. ಇನ್ನೊಂದು ಕಡೆ ಮೇಲುಕೋಟೆಯ ಬೆಟ್ಟ, ಕಲ್ಯಾಣಿ, ಅದರ ಸುತ್ತಲಿನ ಮಂಟಪಗಳು. ಕೆ.ಆರ್. ಪೇಟೆಯ ಮಾಕವಳ್ಳಿಯಲ್ಲೂ ಸಕ್ಕರೆ ಕಾರ್ಖಾನೆ ಇದೆ. ನಾಗಮಂಗಲದಲ್ಲಿ ಆದಿಚುಂಚನಗಿರಿಯ ಕ್ಷೇತ್ರ, ದಾಸೋಹ, ಬಿ.ಜಿ. ನಗರದ ದೊಡ್ಡ ಆಸ್ಪತ್ರೆ. ಹಾಗಾಗಿ ಇಲ್ಲಿ ಮನೆಯಿಲ್ಲದವರೂ ಒಂದೇ ಬಗೆಯವರಲ್ಲ.

ತೀರ್ಥಕ್ಷೇತ್ರದಲ್ಲಿ ಉಳಿದುಹೋದ ಮುದುಕರು ಒಂದು ಗುಂಪು. ಬಸ್‌ಸ್ಟ್ಯಾಂಡಿನಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ಅಲೆಯುವ, ಯಾವ ಊರೆಂದು ಹೇಳಲಾಗದ ಮಾನಸಿಕ ಅಸ್ವಸ್ಥರು ಇನ್ನೊಂದು. ಕುಡಿದು ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಮಗುವಿನ ಜೊತೆ ಬಸ್ಸು ಹತ್ತಿದ ಹೆಂಗಸು ಮತ್ತೊಂದು. ಕೆರೆಯಂಗಳದಲ್ಲೋ ಗೋಮಾಳದಲ್ಲೋ ಟಾರ್ಪಾಲು ಕಟ್ಟಿಕೊಂಡ ಅಲೆಮಾರಿ ಕುಟುಂಬಗಳಿವೆ. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬರುವವರು, ಆಲೆಮನೆಯಲ್ಲಿ ಬೆಲ್ಲ ಕಾಯಿಸಲು ಉತ್ತರ ಪ್ರದೇಶ, ಬಿಹಾರದಿಂದ ಬರುವವರೂ ಇದ್ದಾರೆ. ಅವರಿಗೆ ಊರಿನಲ್ಲಿ ಮನೆಯುಂಟು, ಇಲ್ಲಿ ಗುಡಿಸಲೂ ತಾತ್ಕಾಲಿಕ. ಇವರೆಲ್ಲರಿಗೂ ಒಂದೇ ಮದ್ದು ಹಿಡಿಸುವುದಿಲ್ಲ. ಕಬ್ಬು ಕಡಿಯುವವರಿಗೆ ಬೇಕಾದದ್ದು ಹಂಗಾಮಿನ ಶೆಡ್ಡು, ಶೌಚಾಲಯ, ಮಕ್ಕಳಿಗೆ ಶಾಲೆ. ಮಂಟಪದ ಅಜ್ಜಿಗೆ ಬೇಕಾದದ್ದು ಉಳಿದ ಆಯುಷ್ಯಕ್ಕೆ ಒಂದು ಕೋಣೆ, ಒಬ್ಬ ಡಾಕ್ಟರು, ಹೋಗಿಬಂದು ಮಾಡಲು ಯಾರಾದರೊಬ್ಬರು.

ಅಜ್ಜಿಯ ಹಿಂದೆ ಒಂದು ಸುತ್ತು

ಆ ಅಜ್ಜಿಯನ್ನೇ ಊಹಿಸಿಕೊಳ್ಳೋಣ. ವಯಸ್ಸು ಎಪ್ಪತ್ತರ ಹತ್ತಿರ. ಗಂಡ ತೀರಿಕೊಂಡಿದ್ದಾನೆ, ಇದ್ದ ಮನೆ ಮಗನ ಹೆಸರಿಗೆ ಹೋಗಿದೆ. “ಯಾವೂರವ್ವ?” ಎಂದು ಕೇಳಿದರೆ, “ಊರೇನೋ ಅದೆ ಕಣಪ್ಪ, ಹೋಗಕೆ ಮನೆ ಇಲ್ಲ” ಎನ್ನುವವಳು. ಕಾಲಿನಲ್ಲಿ ಆರದ ಗಾಯ.

ಮೊದಲ ಬಾಗಿಲು ನಾಡಕಚೇರಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಕೊಡುವ ಯೋಜನೆ 2007ರಲ್ಲಿ ಶುರುವಾಯಿತು. ಆಗ ಹಣಕಾಸು ಖಾತೆ ಹೊತ್ತಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಇದೇ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯವರು. ತಿಂಗಳಿಗೆ 400 ರೂಪಾಯಿಯಿಂದ ಹೊರಟ ಮೊತ್ತ 1,200ಕ್ಕೆ ಬಂದಿದೆ. ಅಜ್ಜಿಗೆ ಅರ್ಹತೆ ಇದೆ. ಆದರೆ ಅರ್ಜಿಗೆ ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು, ಗ್ರಾಮ ಆಡಳಿತಾಧಿಕಾರಿ ಬಂದು ನೋಡಲು ಒಂದು ಮನೆ ಬೇಕು.

ಎರಡನೆಯ ಬಾಗಿಲು ಆಹಾರ ಇಲಾಖೆ. ಅಕ್ಕಿ ರೇಷನ್ ಕಾರ್ಡಿಗೆ ಬರುತ್ತದೆ, ಕಾರ್ಡು ಕುಟುಂಬಕ್ಕೆ, ಕುಟುಂಬ ವಿಳಾಸಕ್ಕೆ. ಅಜ್ಜಿಯ ಹೆಸರು ಇನ್ನೂ ಮಗನ ಕಾರ್ಡಿನಲ್ಲೇ ಇದ್ದರೆ ಅವಳ ಪಾಲಿನ ಅಕ್ಕಿ ಅವಳನ್ನು ಹೊರಹಾಕಿದ ಮನೆಯಲ್ಲೇ ಬೇಯುತ್ತಿರುತ್ತದೆ.

ಮೂರನೆಯದು ತಾಲ್ಲೂಕು ಆಸ್ಪತ್ರೆ. ಇಲ್ಲಿ ಯಾರೂ ವಿಳಾಸ ಕೇಳಿ ವಾಪಸು ಕಳಿಸುವುದಿಲ್ಲ; ಗಾಯ ತೊಳೆದು ಪಟ್ಟಿ ಕಟ್ಟುತ್ತಾರೆ, ಮಾತ್ರೆ ಕೊಡುತ್ತಾರೆ. ಚೀಟಿಯ ಮೇಲೆ ‘ದಿನಕ್ಕೆ ಎರಡು ಸಲ, ಊಟದ ನಂತರ’ ಎಂದಿರುತ್ತದೆ. ದಿನಕ್ಕೆ ಎರಡು ಊಟ ಗ್ಯಾರಂಟಿ ಎಂಬ ನಂಬಿಕೆಯ ಮೇಲೆ ಬರೆದ ಚೀಟಿ ಅದು. ಗಾಯ ಒದ್ದೆ ಮಾಡಬೇಡಿ ಎನ್ನುತ್ತಾರೆ; ಅವಳು ಸ್ನಾನ ಮಾಡುವುದು ಹೊಳೆಯಲ್ಲಿ. ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ ಬೇಕೆಂದರೆ ಅದನ್ನು ತಂಪಾಗಿಡಲು ಮಂಟಪದಲ್ಲಿ ಜಾಗವಿಲ್ಲ. ದೊಡ್ಡಾಸ್ಪತ್ರೆಗೆ ಹೋಗಬೇಕಾಗಿ ಬಂದರೆ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಉಂಟು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಕಾರ್ಡಿಲ್ಲದವರನ್ನು ಅದು ಎಪಿಎಲ್ ಲೆಕ್ಕಕ್ಕೆ ಹಾಕಿ ವೆಚ್ಚದ ಶೇಕಡ 30ರಷ್ಟನ್ನು ಮಾತ್ರ ಭರಿಸುತ್ತದೆ. ಎಲ್ಲರಿಗಿಂತ ಬಡವಳಾದ ಈ ಹೆಂಗಸು ಕಾಗದದ ಮೇಲೆ ಬಡತನ ರೇಖೆಯ ಮೇಲೆ ಕೂತಿರುತ್ತಾಳೆ.

ನಾಲ್ಕನೆಯದು ವಸತಿ. 1990ರ ದಶಕದ ಮೊದಲಲ್ಲಿ ಬಂದ ಆಶ್ರಯ ಯೋಜನೆಯಿಂದ ಹಿಡಿದು ಬಸವ ವಸತಿ, ದೇವರಾಜ ಅರಸು ವಸತಿ ಯೋಜನೆಯವರೆಗೆ ಕರ್ನಾಟಕದಲ್ಲಿ ಮನೆ ಕಟ್ಟಿಸಿಕೊಡುವ ಯೋಜನೆಗಳಿಗೆ ಕೊರತೆಯಿಲ್ಲ. ಅರಸು ಯೋಜನೆಯಂತೂ ವಿಧವೆಯರು, ಅಂಗವಿಕಲರು, ಅಲೆಮಾರಿಗಳು, ಜೀತಮುಕ್ತರು, ಕುಷ್ಠದಿಂದ ಗುಣವಾದವರು ಇಂಥವರಿಗೆಂದೇ ಇರುವುದು. ಆದರೆ ಹಣ ಬರುವ ರೀತಿ ನೋಡಿ: ಮೊದಲು ಸ್ವಂತ ನಿವೇಶನ ತೋರಿಸಬೇಕು. ತಳಪಾಯ ಹಾಕಿದರೆ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಬಂದರೆ ಇನ್ನೊಂದು, ಚಾವಣಿಗೆ ಮತ್ತೊಂದು. ಪ್ರತಿ ಹಂತಕ್ಕೂ ಸ್ಥಳದಲ್ಲೇ ತೆಗೆದ ಫೋಟೊ. ಸಾಲ ಮಾಡಿ ತಳಪಾಯ ಎಬ್ಬಿಸಬಲ್ಲ ಕುಟುಂಬಕ್ಕೆ ಇದು ದೊಡ್ಡ ಆಸರೆ. ಬಟ್ಟೆಗಂಟೊಂದೇ ಆಸ್ತಿಯಾದವಳು ಮೇಸ್ತ್ರಿಯನ್ನು ಹುಡುಕಿಕೊಂಡು ಎಲ್ಲಿಗೆ ಹೋಗುತ್ತಾಳೆ?

ಐದನೆಯ ಬಾಗಿಲು ಪಾಂಡವಪುರದ ಆ ಎಸಿ ಆಫೀಸು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರ ಪ್ರಕಾರ ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿಯ ಅಧ್ಯಕ್ಷರು. ಮಕ್ಕಳಿಂದ ತಿಂಗಳಿಗೆ 10 ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ‘ನೋಡಿಕೊಳ್ಳುತ್ತೇನೆ’ ಎಂಬ ಷರತ್ತಿನ ಮೇಲೆ ಬರೆಸಿಕೊಂಡ ದಾನಪತ್ರವನ್ನು, ನೋಡಿಕೊಳ್ಳದಿದ್ದರೆ, 23ನೇ ಕಲಮಿನಡಿ ರದ್ದು ಮಾಡಬಹುದು. ಹಿರಿಯರನ್ನು ಎಲ್ಲಾದರೂ ಬಿಟ್ಟುಬಂದರೆ ಮೂರು ತಿಂಗಳವರೆಗೆ ಜೈಲು, ಅಥವಾ 5 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಲ್ಲಿರುವ ಕಾನೂನೇ. ದೇವರ ದರ್ಶನ ಮಾಡಿಸುತ್ತೇವೆಂದು ಕರೆತಂದು ಮೆಟ್ಟಿಲ ಬಳಿ ಕೂರಿಸಿ ಹೋದವರಿಗೂ ಇದು ಅನ್ವಯಿಸುತ್ತದೆ. ಆದರೆ ಅರ್ಜಿ ಬರೆಯಲು ಒಬ್ಬರು ಬೇಕು, ಪಾಂಡವಪುರಕ್ಕೆ ನಾಲ್ಕಾರು ಸಲ ಹೋಗಿಬರಲು ಕಾಲಿನಲ್ಲಿ ಕಸುವು ಬೇಕು. ನೋಟಿಸು ಕೈಗೆ ಸಿಗಲು ಮತ್ತೆ ಅದೇ ವಿಳಾಸ.

ಒಂದು ಬಾಗಿಲಿನ ಬೀಗದ ಕೈ ಇನ್ನೊಂದು ಬಾಗಿಲಿನ ಒಳಗಿದೆ. ಅಜ್ಜಿ ಸುತ್ತುತ್ತಲೇ ಇರುತ್ತಾಳೆ, ಸಂಜೆ ಮಂಟಪಕ್ಕೆ ಮರಳುತ್ತಾಳೆ.

ಸೂರು ಮಾತ್ರ ಕೊಟ್ಟರೆ

ಹಾಗಾದರೆ ಎಲ್ಲರನ್ನೂ ಒಂದು ದೊಡ್ಡ ಕಟ್ಟಡಕ್ಕೆ ಸೇರಿಸಿಬಿಟ್ಟರೆ ಆಗದೇ? ಕರ್ನಾಟಕ ಇದನ್ನು ಮಾಡಿ ನೋಡಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೀದಿಯಲ್ಲಿ ಬೇಡುವವರನ್ನು ಹಿಡಿದು ಇರಿಸಲು ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ. ದೊಡ್ಡದು ಬೆಂಗಳೂರಿನ ಮಾಗಡಿ ರಸ್ತೆಯದು; ಜನ ‘ಬೆಗ್ಗರ್ಸ್ ಕಾಲೊನಿ’ ಎಂದೇ ಕರೆಯುತ್ತಾರೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಾಂತಿಭೇದಿಯಂಥ ಕಾಯಿಲೆಯಿಂದ ಸತ್ತರು. ಗದ್ದಲ ಎದ್ದ ಮೇಲೆ ಹಳೆಯ ದಾಖಲೆ ತೆಗೆದು ನೋಡಿದರೆ, ಆ ವರ್ಷದ ಸಾವುಗಳು ನೂರನ್ನು ಯಾವಾಗಲೋ ದಾಟಿದ್ದವು. ತಲೆಯ ಮೇಲೆ ಚಾವಣಿ ಇತ್ತು, ತಟ್ಟೆಗೆ ಅನ್ನ ಬೀಳುತ್ತಿತ್ತು. ಹಿಡಿಸಲಾರದಷ್ಟು ಜನರನ್ನು ತುಂಬಿದ ಕಡೆ, ಯಾರು ಕಾಯಿಲೆ ಬಿದ್ದಿದ್ದಾರೆಂದು ದಿನಾ ನೋಡುವ ಕಣ್ಣು ಸಾಲದಾಗಿತ್ತು.

ಈ ಕೇಂದ್ರಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮನೆ ಕಂದಾಯದ ಜೊತೆ ಆರೋಗ್ಯ ಕರ, ಗ್ರಂಥಾಲಯ ಕರ ಕಟ್ಟುವ ಹಾಗೆ ಶೇಕಡ 3 ಭಿಕ್ಷುಕರ ಕರವನ್ನೂ ಎಲ್ಲರೂ ಕಟ್ಟುತ್ತಾರೆ. ಪುರಸಭೆಯಲ್ಲೂ ಉಂಟು, ಗ್ರಾಮ ಪಂಚಾಯಿತಿಯಲ್ಲೂ ಉಂಟು. ಸಾವಿರ ರೂಪಾಯಿ ಕಂದಾಯಕ್ಕೆ ಮೂವತ್ತು ರೂಪಾಯಿ. ಸ್ಥಳೀಯ ಸಂಸ್ಥೆಗಳು ಇದನ್ನು ವಸೂಲಿ ಮಾಡಿ ಪರಿಹಾರ ನಿಧಿಗೆ ಕಳಿಸಬೇಕು. ವಸೂಲಾದದ್ದು ಸಕಾಲಕ್ಕೆ ನಿಧಿಗೆ ಸೇರುವುದಿಲ್ಲ ಎಂಬ ದೂರು ರಾಜ್ಯದಲ್ಲಿ ಹಳೆಯದು.

ಔಷಧ ಮಾತ್ರ ಕೊಟ್ಟರೆ

ತಿರುಗಿಸಿ ನೋಡಿದರೂ ಲೆಕ್ಕ ಕೂಡುವುದಿಲ್ಲ. ಕ್ಷಯಕ್ಕೆ ಕನಿಷ್ಠ ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕು. ಮಾತ್ರೆ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ದುಡ್ಡು ಹಾಕುವ ನಿಕ್ಷಯ್ ಪೋಷಣ್ ಯೋಜನೆಯೂ 2018ರಿಂದ ಇದೆ. ಆದರೆ ಇವತ್ತು ಶ್ರೀರಂಗಪಟ್ಟಣ, ನಾಳೆ ಅಕ್ಕಿಹೆಬ್ಬಾಳು ಸ್ಟೇಷನ್ನು, ನಾಡಿದ್ದು ಅರಸೀಕೆರೆ ಎಂದು ರೈಲಿನ ಜೊತೆ ಸಾಗುವವನ ಮಾತ್ರೆ ನಡುವೆಯೇ ನಿಂತುಹೋಗುತ್ತದೆ. ಹಾಗೆ ನಿಂತ ಕ್ಷಯ ಮುಂದೆ ಸಾಮಾನ್ಯ ಔಷಧಕ್ಕೆ ಬಗ್ಗದಂತಾಗಬಹುದು.

ಮನಸ್ಸಿನ ಕಾಯಿಲೆಯಲ್ಲಿ ಇದು ಇನ್ನೂ ಸ್ಪಷ್ಟ. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಕಾರ್ಯಕ್ರಮವೂ ಈ ರಾಜ್ಯದ್ದೇ. ಮನೆಯವರು ಕೈಹಿಡಿದು ಕರೆತಂದ ರೋಗಿಗೆ ಇದು ವರ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಇರುವವನಿಗೆ ಇವತ್ತು ಮಂಗಳವಾರ ಎಂದು ಹೇಳುವವರಾರು?

ಮಾನಸಿಕ ಆರೋಗ್ಯ ಕಾಯ್ದೆ 2017 ಈ ಪ್ರಶ್ನೆಗೆ ಉತ್ತರ ಬರೆದಿಟ್ಟಿದೆ. ಮಾನಸಿಕ ಅಸ್ವಸ್ಥತೆಯಿಂದ ಅಲೆಯುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದವರು ಕಂಡರೆ ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಹೊಣೆ. ಅವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕಬೇಕು. ಇನ್ನೂ ಮುಂದೆ ಹೋಗಿ, ಸಮಾಜದ ನಡುವೆ ಬದುಕುವುದು ಅವರ ಹಕ್ಕು, ಹೋಗಲು ಮನೆ ಇಲ್ಲ ಎಂಬ ಕಾರಣಕ್ಕೆ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬಾರದು, ಆಸರೆಯ ವಸತಿಯನ್ನು ಸರ್ಕಾರ ಒದಗಿಸಬೇಕು ಎನ್ನುತ್ತದೆ. ಎರಡು ಬಾಗಿಲಿಗೆ ಒಂದೇ ಬೀಗದ ಕೈ ಮಾಡಿಕೊಟ್ಟ ಕಾನೂನು ಇದು.

ಮನೆ ಮೊದಲು

ಸೂರು, ಚಿಕಿತ್ಸೆ, ಆಸರೆ ಮೂರನ್ನೂ ಒಂದೇ ಸಲ ಕೊಡಬೇಕು ಎಂಬ ಯೋಚನೆಗೆ ಹೊರಗಡೆ ಮೂರು ದಶಕದ ಅನುಭವ ಇದೆ. 1992ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಬೀದಿಯ ಮಾನಸಿಕ ರೋಗಿಗಳಿಗಾಗಿ ಒಂದು ಸಂಸ್ಥೆ ಶುರುಮಾಡಿದರು. ಅಲ್ಲಿಯವರೆಗಿನ ರೂಢಿ ಏಣಿ ಹತ್ತಿಸುವಂಥದ್ದು: ಮೊದಲು ಕುಡಿತ ಬಿಡು, ಮಾತ್ರೆ ನುಂಗು, ಶೆಲ್ಟರಿನಲ್ಲಿ ಶಿಸ್ತಾಗಿರು, ಆಮೇಲೆ ಮನೆ. ಬಹುತೇಕರು ಏಣಿಯ ಮೊದಲ ಮೆಟ್ಟಿಲಲ್ಲೇ ಜಾರುತ್ತಿದ್ದರು. ಸೆಂಬೆರಿಸ್ ಏಣಿಯನ್ನೇ ಬುಡಮೇಲು ಮಾಡಿ ಮೊದಲು ಮನೆ ಕೊಟ್ಟರು. ಆಮೇಲೆ ನರ್ಸು, ವೈದ್ಯರು, ಸಮಾಜ ಕಾರ್ಯಕರ್ತರು ಆ ಮನೆಗೇ ಹೋಗಿ ಬರುವಂತೆ ಮಾಡಿದರು.

ಫಿನ್ಲೆಂಡ್ 2008ರಲ್ಲಿ ಇದನ್ನು ದೇಶದ ನೀತಿಯನ್ನಾಗಿ ಮಾಡಿಕೊಂಡಿತು. ಸಾಲಾಗಿ ಮಂಚ ಹಾಕಿದ ಹಳೆಯ ಹಾಸ್ಟೆಲುಗಳನ್ನು ಪುಟ್ಟ ಮನೆಗಳಾಗಿ ಒಡೆದರು. ಒಳಗೆ ಬಂದವರ ಹೆಸರಿಗೆ ಬಾಡಿಗೆ ಕರಾರು, ಕೈಗೆ ಬೀಗದ ಕೈ, ಅದೇ ಕಟ್ಟಡದಲ್ಲಿ ಸಹಾಯಕ ಸಿಬ್ಬಂದಿ. 2008ರಲ್ಲಿ ಸುಮಾರು 8 ಸಾವಿರ ಇದ್ದ ನಿರ್ವಸಿತರ ಸಂಖ್ಯೆ 2023ರ ಹೊತ್ತಿಗೆ ಮೂರುವರೆ ಸಾವಿರದ ಒಳಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಸ್ವಲ್ಪ ಏರಿತು. ಒಮ್ಮೆ ಮಾಡಿ ಮುಗಿಸುವ ಕೆಲಸ ಇದಲ್ಲ.

ಶ್ರೀಮಂತ ದೇಶದ ಮಾತು ನಮಗೇಕೆ ಎನ್ನುವವರಿಗೆ ಚೆನ್ನೈ ಹತ್ತಿರದಲ್ಲೇ ಇದೆ. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಅಲ್ಲಿ ಕಟ್ಟಿದ ‘ದಿ ಬ್ಯಾನಿಯನ್’ ಸಂಸ್ಥೆ, ಬೀದಿಯಲ್ಲಿ ಸಿಕ್ಕ ಮಾನಸಿಕ ಅಸ್ವಸ್ಥ ಹೆಂಗಸರಿಗೆ ಚಿಕಿತ್ಸೆ ಕೊಟ್ಟು ಊರಿಗೆ ಮುಟ್ಟಿಸುವುದರಿಂದ ಶುರುವಾಯಿತು. ಎಷ್ಟು ಹುಡುಕಿದರೂ ಮನೆ ಸಿಗದವರು, ಮನೆಯವರಿಗೆ ಬೇಡವಾದವರು ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿದರು. ಅವರಿಗಾಗಿ 2015ರಲ್ಲಿ ‘ಹೋಮ್ ಅಗೇನ್’ ಬಂತು. ಸಾಮಾನ್ಯ ಬೀದಿಯಲ್ಲಿ ಸಾಮಾನ್ಯ ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಮಂದಿ, ಜೊತೆಗೆ ನೆರವಿಗೆ ಒಬ್ಬ ಕಾರ್ಯಕರ್ತೆ. ತಾವೇ ತರಕಾರಿ ತರುತ್ತಾರೆ, ಅಡುಗೆ ಮಾಡುತ್ತಾರೆ, ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವನ್ನೂ ಆಡಬಹುದು. ಮಾತ್ರೆ, ಡಾಕ್ಟರ ಭೇಟಿ ಆ ಮನೆಯ ದಿನಚರಿಯಲ್ಲಿ ಸೇರಿಕೊಂಡಿರುತ್ತದೆ.

ಕನ್ನಡನಾಡಿನ ಅಂಚಿನಲ್ಲೂ ಈ ಕೆಲಸ ನಡೆದಿದೆ. ಕಾಸರಗೋಡಿನ ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ ಕಟ್ಟಿದ ‘ಸ್ನೇಹಾಲಯ’, ಮಂಗಳೂರಿನಲ್ಲಿ ಕೊರಿನ್ ರಸ್ಕೀನಾ ಅವರ ‘ವೈಟ್ ಡವ್ಸ್’, ಇವು ಬೀದಿಯಲ್ಲಿ ಅಲೆಯುವವರನ್ನು ಕರೆತಂದು, ಚಿಕಿತ್ಸೆ ಕೊಡಿಸಿ, ಮಾತು ಮರಳಿದ ಮೇಲೆ ಊರು ಪತ್ತೆ ಹಚ್ಚಿ ಕಳಿಸಿಕೊಟ್ಟ ಸಂಸ್ಥೆಗಳು. ಇದೇ ಕೆಲಸಕ್ಕೆ ಮಹಾರಾಷ್ಟ್ರದ ಭರತ್ ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎಲ್ಲೋ ತಪ್ಪಿಹೋಗಿ, ಸತ್ತನೆಂದು ತಿಥಿ ಮಾಡಿಸಿಕೊಂಡವನೂ ಸರಿಯಾದ ಔಷಧ ಬಿದ್ದ ಮೇಲೆ ತನ್ನ ಊರಿನ ಹೆಸರು ಹೇಳಬಲ್ಲ.

ಇಲ್ಲೇ ಇರುವುದು

ಪಾಂಡವಪುರ ಉಪವಿಭಾಗದಲ್ಲಿ ಇದಕ್ಕೆ ಬೇಕಾದದ್ದು ಏನಿದೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ತಾಲ್ಲೂಕಿಗೊಂದು ಆಸ್ಪತ್ರೆ. ಬಿ.ಜಿ. ನಗರದಲ್ಲಿ, ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ. ಒಂದು ಕಡೆ ಮಂಡ್ಯದ ಮಿಮ್ಸ್, ಇನ್ನೊಂದು ಕಡೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಊಟಕ್ಕೆ ದಾಸೋಹದ ಪರಂಪರೆ. ಮೇಲುಕೋಟೆಯಲ್ಲಿ, ಜಯಪ್ರಕಾಶ ನಾರಾಯಣರ ಜೊತೆ ಕೆಲಸ ಮಾಡಿ ಬಂದ ಸುರೇಂದ್ರ ಕೌಲಗಿ 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಇದೆ; ಖಾದಿ, ಸಾವಯವ ಕೃಷಿಯ ಜೊತೆಗೆ ಅಂಗವಿಕಲ ಮಕ್ಕಳಿಗೆ ‘ಕರುಣಾಗೃಹ’ ನಡೆಸಿದ ಸಂಸ್ಥೆ. ಸಣ್ಣ ಊರಿನಲ್ಲಿ, ಸಣ್ಣ ಪ್ರಮಾಣದಲ್ಲಿ, ಅಕ್ಕಪಕ್ಕದವರ ನಡುವೆಯೇ ಆಸರೆ ಕಟ್ಟಬಹುದು ಎಂಬುದಕ್ಕೆ ಈ ನೆಲದ್ದೇ ಸಾಕ್ಷಿ.

ಇಲ್ಲದಿರುವುದು ಇವನ್ನೆಲ್ಲ ಕೂಡಿಸುವ ಕೊಂಡಿ. ನಗರ ನಿರ್ವಸಿತರ ವಸತಿ ಕುರಿತು 2010ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನು ಯೋಜನೆಯಾಗಿ ಮಾಡಿತು. ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ, ತಲೆಗೆ 50 ಚದರ ಅಡಿ, ವರ್ಷವಿಡೀ 24 ಗಂಟೆ ತೆರೆದ ಬಾಗಿಲು. ಜೊತೆಗೆ ಪಿಂಚಣಿ, ರೇಷನ್, ಆಸ್ಪತ್ರೆಗೆ ಸಂಪರ್ಕ. ಯೋಜನೆ ಚೆನ್ನಾಗಿತ್ತು. ಆದರೆ ‘ಲಕ್ಷಕ್ಕೊಂದು’ ಎಂಬ ಅಳತೆಗೆ ಈ ನಾಲ್ಕರಲ್ಲಿ ಯಾವ ಪಟ್ಟಣವೂ ಹತ್ತಿರ ಬರುವುದಿಲ್ಲ. ದೊಡ್ಡ ನಗರಕ್ಕೆ ಹೊಲಿದ ಅಂಗಿ ಸಣ್ಣ ಊರಿಗೆ ಹಿಡಿಸಿಲ್ಲ. ನಾಲ್ಕನ್ನೂ ಒಟ್ಟಿಗೆ ಹಿಡಿದು ಒಂದೇ ಉಪವಿಭಾಗ ಎಂದು ನೋಡಿದರೆ ಮಾತು ಬೇರೆ.

ಅದಕ್ಕೆ ದೊಡ್ಡ ಕಟ್ಟಡವೂ ಬೇಕಿಲ್ಲ. ಚೆನ್ನೈ ಮಾದರಿಯಲ್ಲಿ ತಾಲ್ಲೂಕಿಗೆ ಒಂದೆರಡು ಬಾಡಿಗೆ ಮನೆ ಸಾಕು. ನಾಲ್ವರು ಅಜ್ಜಿಯರು ಒಂದು ಮನೆಯಲ್ಲಿದ್ದು, ನಾಲ್ವರಿಗೂ ಸಂಧ್ಯಾ ಸುರಕ್ಷಾ ಬಂದರೆ ತಿಂಗಳಿಗೆ 4,800 ರೂಪಾಯಿ ಆಗುತ್ತದೆ, ಮೇಲೆ ರೇಷನ್ ಅಕ್ಕಿ. ಇದರಲ್ಲೇ ಎಲ್ಲವೂ ನಡೆಯುವುದಿಲ್ಲ. ಬಾಡಿಗೆಗೂ ಕಾರ್ಯಕರ್ತೆಯ ಸಂಬಳಕ್ಕೂ ಹೊರಗಿನ ಹಣ ಬೇಕು. ಆದರೂ ಅವರು ಬೇರೆಯವರ ಅನ್ನದಲ್ಲಿ ಬಿದ್ದವರಾಗುವುದಿಲ್ಲ, ಸ್ವಂತ ಪಾಲು ಹಾಕಿ ಸಂಸಾರ ನಡೆಸುವವರಾಗುತ್ತಾರೆ.

ವಿಳಾಸದ ಗಂಟೂ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಟ್ಟ ಪ್ರಮಾಣಪತ್ರವನ್ನು ಆಧಾರ್ ನೋಂದಣಿಗೆ ಒಪ್ಪುತ್ತಾರೆ. ಆಧಾರ್ ಬಂದರೆ ಬ್ಯಾಂಕ್ ಖಾತೆ, ಖಾತೆ ಬಂದರೆ ಪಿಂಚಣಿ, ರೇಷನ್ ಕಾರ್ಡು ಬಂದರೆ ಆಸ್ಪತ್ರೆಯ ದೊಡ್ಡ ಬಾಗಿಲು. ಮತದಾರರ ಪಟ್ಟಿಯ ವಿಷಯದಲ್ಲಂತೂ ಚುನಾವಣಾ ಆಯೋಗ ಇನ್ನೂ ಧಾರಾಳಿ. ಮನೆ ಇಲ್ಲದವರು ಯಾವ ದಾಖಲೆಯನ್ನೂ ಕೊಡಬೇಕಿಲ್ಲ. ಅರ್ಜಿಯಲ್ಲಿ ಬರೆದ ಜಾಗದಲ್ಲಿ ಆತ ನಿಜಕ್ಕೂ ಮಲಗುತ್ತಾನೆಯೇ ಎಂದು ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ, ಬಂದು ನೋಡಿದರೆ ಸಾಕು. ಓಟಿಗಾಗಿ ಮಂಟಪಕ್ಕೆ ರಾತ್ರಿ ಹೋಗಬಲ್ಲ ವ್ಯವಸ್ಥೆ ಪಿಂಚಣಿಗಾಗಿಯೂ ಹೋಗಬಹುದು.

ಆ ಹೋಗಿಬರುವ ಒಬ್ಬ ಮನುಷ್ಯನೇ ಈ ಇಡೀ ವಿಚಾರದ ಹೃದಯ. ಅಜ್ಜಿಯ ಅರ್ಜಿ ಬರೆಯಲು, ಮಂಗಳವಾರ ನೆನಪಿಸಲು, ನ್ಯಾಯಮಂಡಳಿಯಲ್ಲಿ ಪಕ್ಕದಲ್ಲಿ ನಿಲ್ಲಲು, ಮನೆಗೆ ಬಂದ ಮೊದಲ ತಿಂಗಳು ರಾತ್ರಿ ನಿದ್ದೆ ಬಾರದೆ ಮತ್ತೆ ಮಂಟಪಕ್ಕೇ ಹೊರಟರೆ ಕರೆದುಕೊಂಡು ಬರಲು ಒಬ್ಬರು ಬೇಕು. ಬಸುರಿ ಬಾಣಂತಿಯರಿಗೆ ಆಶಾ ಕಾರ್ಯಕರ್ತೆ ಇರುವ ಹಾಗೆ. ಆಶಾ ಬಂದ ಮೇಲೆ ಹಳ್ಳಿಯ ಹೆರಿಗೆ ಆಸ್ಪತ್ರೆ ಸೇರಿದ್ದು ಕಟ್ಟಡದಿಂದಲ್ಲ, ಮನೆ ಬಾಗಿಲಿಗೆ ಬಂದು ಕರೆದೊಯ್ಯುವ ಹೆಂಗಸಿನಿಂದ. ನಾಲ್ಕು ತಾಲ್ಲೂಕಿಗೆ ನಾಲ್ಕು ಮಂದಿ ಅಂಥವರನ್ನು ನೇಮಿಸಿ, ಉಪವಿಭಾಗಾಧಿಕಾರಿಯ ಮುಂದೆ ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವ ಏರ್ಪಾಡು ಮಾಡಿದರೆ, ಐದು ಬಾಗಿಲೂ ಒಂದೇ ಮನೆಯ ಬಾಗಿಲಾಗುತ್ತವೆ. ಇದಕ್ಕೆ ಹೊಸ ಕಾನೂನು ಬೇಡ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ. ಮನೆಯಿಲ್ಲದವರ ಎಣಿಕೆ ಮತ್ತೆ ಬರುತ್ತದೆ. ಶ್ರೀರಂಗಪಟ್ಟಣದ ಸ್ನಾನಘಟ್ಟದ ಮಂಟಪ, ಮೇಲುಕೋಟೆಯ ಕಲ್ಯಾಣಿಯ ಅಂಚು, ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡು ತಪ್ಪಿಹೋಗದಂತೆ ಊರಿನವರೇ ತೋರಿಸಿಕೊಡಬಹುದು. ಅಲ್ಲಿಯವರೆಗೆ ಯಾರಾದರೂ ಹಿರಿಯರು ಒಂಟಿಯಾಗಿ ಬಿದ್ದಿದ್ದು ಕಂಡರೆ 14567ಕ್ಕೆ, ಮಾನಸಿಕ ಅಸ್ವಸ್ಥರ ವಿಷಯಕ್ಕೆ ಟೆಲಿ ಮಾನಸ್‌ನ 14416ಕ್ಕೆ, ಜೀವಕ್ಕೇ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಇನ್ನೊಂದು ಕೆಲಸವಿದೆ, ಅದಕ್ಕೆ ಮನೆಯಿಂದ ಹೊರಗೂ ಹೋಗಬೇಕಿಲ್ಲ. ಈ ವರ್ಷದ ಕಂದಾಯದ ರಸೀದಿ ತೆಗೆದು ಭಿಕ್ಷುಕರ ಕರದ ಸಾಲು ಎಲ್ಲಿದೆ ನೋಡಿ. ಆ ದುಡ್ಡು ನಮ್ಮ ಊರಿನ ಒಬ್ಬರಿಗಾದರೂ ತಲುಪಿತೇ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ.